ಕೊನೇ ಮಾತಿಗೆ ಮುಂಚಿನ ಉಸಿರು

ಕಳೆದ ಭಾನುವಾರ ಮಹಡಿ ಮನೆಗೆ ಸುಣ್ಣ ಹೊಡೆಸಬೇಕೆಂದು ಅಟ್ಟ ಖಾಲಿ ಮಾಡುತ್ತಿದ್ದಾಗ ಒಂದು ಹಳೆಯ ಹೆಡ್‌ಫೋನ್ ಕೈಗೆ ಸಿಕ್ಕಿತು. ಕಿವಿಗೆ ಕೂರುವ ಸ್ಪಂಜು ಒಣಗಿಹೋಗಿ, ಮುಟ್ಟಿದರೆ ಕರಿ ಎಳ್ಳಿನ ಹಾಗೆ ಉದುರುತ್ತಿತ್ತು. ಮೂಗಿನ ಹತ್ತಿರ ಹಿಡಿದೆ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು, ಅದರೊಳಗೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಕಮಟು. ಆ ಎಣ್ಣೆ ಅಪ್ಪನದು. ಅಪ್ಪನ ತಲೆಯ ಎಣ್ಣೆ ಬೇರೆಯವರ ಹೆಡ್‌ಫೋನಿಗೆ ಹೇಗೆ ಹತ್ತಿತು ಅನ್ನುವುದೇ ನನ್ನ ಹೊಟ್ಟೆಕಿಚ್ಚಿನ ಕತೆ.

ಹೆಡ್‌ಫೋನಿನ ಯಜಮಾನರು ನಂಜನಗೂಡಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿಮಾನ ಸಂಚಾರದ ಸುರಕ್ಷತೆ ಕುರಿತು ಸಂಶೋಧನೆ ಮಾಡುತ್ತಿದ್ದರು. ಪುಸ್ತಕ ಹಿಡಿದವರೆಲ್ಲ ಅಪ್ಪನ ಪಾಲಿಗೆ ಮೇಷ್ಟ್ರೇ. ಹಾಗಾಗಿ ಅವರು ನಮಗೆಲ್ಲ ಮೇಲಿನ ಮೇಷ್ಟ್ರಾದರು. ವಿಮಾನದ ಇಂಜಿನಿಯರ್ ಅಂದರೆ ಮಹಡಿ ತುಂಬ ರೆಕ್ಕೆ, ಫ್ಯಾನು ಬಿಚ್ಚಿ ಹರಡಿಕೊಂಡಿರುತ್ತಾರೆ ಅಂತ ನಾನು ಆಸೆಯಿಂದ ಕಾದಿದ್ದೆ. ಇವರು ನೋಡಿದರೆ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿಕೊಂಡು, ಪೈಲಟ್ಟೂ ಕಂಟ್ರೋಲ್ ಟವರಿನವರೂ ಆಡಿಕೊಂಡ ಅವೇ ನಾಲ್ಕು ಮಾತಿನ ರೆಕಾರ್ಡಿಂಗನ್ನು ಹಿಂದಕ್ಕೆ ಮುಂದಕ್ಕೆ ಮಾಡಿ ಕೇಳುತ್ತ ಕೂತಿರುತ್ತಿದ್ದರು. ಮಾತಾಡುವವನು ದಣಿದಿದ್ದಾನೋ ಇಲ್ಲವೋ ಅಂತ ಬರೀ ದನಿಯಿಂದ ಹೇಳಬಹುದೇ? ಹೇಳಬಹುದಾದರೆ, ಅವನು ತಪ್ಪು ಮಾಡುವ ಮುಂಚೆಯೇ ಎಬ್ಬಿಸಿ ಬೇರೆಯವರನ್ನು ಕೂರಿಸಬಹುದಲ್ಲ? ಅವರ ಸಂಶೋಧನೆ ಇಷ್ಟೇ.

“ಸಾರ್, ನೀವು ಯಾವತ್ತಾದ್ರೂ ವಿಮಾನ ಹತ್ತಿದೀರಾ?” ಅಂತ ಅವರು ಬಂದ ಹೊಸದರಲ್ಲೇ ಕೆಣಕಿದ್ದೆ.

“ಇಲ್ಲಪ್ಪ. ಎತ್ತರ ಅಂದ್ರೆ ತಲೆ ಸುತ್ತುತ್ತೆ. ನಿಮ್ಮ ಮೆಟ್ಟಿಲೇ ನಂಗೆ ಸಾಕಾಗಿದೆ.”

ನಾನಾಗ ಡಿಗ್ರಿ ಓದುತ್ತಿದ್ದೆ. ಓದು ನೆಪ, ಕಸುಬು ಅಣಕು. ಬಸ್ ಸ್ಟ್ಯಾಂಡಿನ ಮೈಕಿನವನು, ತಕ್ಕಡಿ ಎತ್ತಿದಾಗ ಮಾತ್ರ ನಂಜುಂಡಪ್ಪನನ್ನು ನೆನೆಯುವ ಈರುಳ್ಳಿ ವ್ಯಾಪಾರಿ, ನಮ್ಮ ಪ್ರಿನ್ಸಿಪಾಲರ ಕೆಮ್ಮು, ಆ ಕೆಮ್ಮಿಗೆ ಬೆಚ್ಚುವ ಅಟೆಂಡರು... ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದರು. ನನ್ನ ಸ್ವಂತ ದನಿ ಮಾತ್ರ ಗಾಳಿ ಬಿಡುತ್ತಿರುವ ಸೈಕಲ್ ಟ್ಯೂಬಿನ ಹಾಗಿದೆ; ಅದಕ್ಕೇ ಅದನ್ನು ಹೆಚ್ಚು ಬಳಸುವುದಿಲ್ಲ. ಇವರೆಲ್ಲರಲ್ಲಿ ಜನ ಮತ್ತೆ ಮತ್ತೆ ಕೇಳಿ ಮಾಡಿಸುತ್ತಿದ್ದ ಐಟಂ ಅಂದರೆ ನನ್ನಪ್ಪ. ಅಪ್ಪ ನಂಜನಗೂಡು, ಟಿ. ನರಸೀಪುರದ ನಡುವೆ ಓಡುವ ಸರ್ಕಾರಿ ಬಸ್ಸಿನ ಡ್ರೈವರ್. “ಲೇ, ಫುಟ್‌ಬೋರ್ಡ್ ಬುಟ್ಟು ಒಳಿಕ್ ಬಾರ್ಲಾ, ನಿಮ್ಮಪ್ಪಂಗೆ ನಾನು ಉತ್ತರ ಯೋಳ್ಬೇಕಾ?” ಅಂತ ನಾನು ಶುರು ಮಾಡಿದರೆ ಬೀದಿಯೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು. ಅಪ್ಪನೊಬ್ಬ ಮಾತ್ರ ಕೇಳಿದವನಲ್ಲ. ಕಾಲೇಜ್ ಡೇಗೆ ಕರೆದರೆ “ಡೂಟಿ ಅದೆ ಕಣ್ಲಾ” ಅನ್ನುವನು. ಒಂದೇ ಒಂದು ಸಲ ಅವನು ಮುಂದಿನ ಸಾಲಲ್ಲಿ ಕೂತು ಪೂರ್ತಿ ಕೇಳಲಿ ಅಂತ ನಾನು ಬೇಡಿಕೊಳ್ಳದ ದೇವರಿಲ್ಲ.

ಅಂಥ ಅಪ್ಪ ಮೇಷ್ಟ್ರ ಎದುರಿಗೆ ಹೋಗಿ ಕೂತುಬಿಟ್ಟ!

ಪೈಲಟ್ಟುಗಳ ಮಾತು ಸಿಕ್ಕರೂ ಆ ಹೊತ್ತಿಗೆ ಅವರು ಎಷ್ಟು ದಣಿದಿದ್ದರು ಅನ್ನುವುದು ಮೇಷ್ಟ್ರಿಗೆ ತಿಳಿಯುತ್ತಿರಲಿಲ್ಲ. ಕಣ್ಣೆದುರು ದಣಿಯುವ ಮನುಷ್ಯನೊಬ್ಬ ಬೇಕಿತ್ತು. “ಅಣ್ಣ, ಡ್ಯೂಟಿಗೆ ಹೋಗೋ ಮುಂಚೆ ಒಂದ್ಸಲ, ಬಂದ್ಮೇಲೆ ಒಂದ್ಸಲ, ಅದೇ ಮಾತು ಹೇಳ್ತೀರಾ?” ಅಂತ ಕೇಳಿದರು. ಅಪ್ಪ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ತಲೆಗೆ ಎಣ್ಣೆ ಹಚ್ಚಿ, ಕ್ರಾಪು ತೆಗೆದು, ಕಾಲರಿನ ಗುಂಡಿ ಹಾಕಿಕೊಂಡು ಮಹಡಿ ಹತ್ತಿದ. ಮೈಕಿನ ಮುಂದೆ ನೆಟ್ಟಗೆ ಕೂತು ಹೇಳಿದ: “ಗಾಡಿ ನರಸೀಪುರ ಬುಟ್ಟದೆ. ದಾರಿ ಸರ್ಯಾಗದೆ. ನಾನು ಚೆನ್ನಾಗಿವ್ನಿ.” ಆಮೇಲೆ ಹೆಡ್‌ಫೋನ್ ಏರಿಸಿಕೊಂಡು ತನ್ನ ದನಿ ತಾನೇ ಕೇಳಿ ಮದುಮಗನ ಹಾಗೆ ನಾಚಿಕೊಂಡ.

ದಿನವೂ ಇದೇ ಆಯಿತು. ರೆಕಾರ್ಡಿಂಗ್ ಮುಗಿದರೂ ಅಪ್ಪ ಕೆಳಗಿಳಿಯುತ್ತಿರಲಿಲ್ಲ. ನಮ್ಮ ಜೊತೆ ಊಟಕ್ಕೆ ಕೂತರೆ “ಉಪ್ಪು” ಅನ್ನುವುದೇ ಭಾಷಣ. ಮೇಲೆ ಮಾತ್ರ, ನರಸೀಪುರದಲ್ಲಿ ಮುದ್ದೆ ಉಂಡು ಸ್ಟೇರಿಂಗ್ ಹಿಡಿದಾಗ ರೆಪ್ಪೆ ಹೇಗೆ ಎಳೆಯುತ್ತದೆ, ಎದುರುಬಿಸಿಲಲ್ಲಿ ಕಬ್ಬಿನ ಗಾಡಿ ಹೇಗೆ ಇದ್ದಕ್ಕಿದ್ದಂತೆ ಕಣ್ಣಮುಂದೆ ಬರುತ್ತದೆ... ಏನೇನೋ. ನಾನು ಮೆಟ್ಟಿಲ ಕೆಳಗೆ ನಿಂತು ಕೇಳುತ್ತಿದ್ದೆ. ಬರುವಾಗ ತರುತ್ತಿದ್ದ ರಸಬಾಳೆ ಚಿಪ್ಪಿನಲ್ಲಿ ಮೊದಲ ಪಾಲು ಮೇಲಕ್ಕೆ. ಅವ್ವನ ಅವರೆಕಾಳು ಉಪ್ಸಾರಿನಲ್ಲೂ ಮೊದಲ ಬಟ್ಟಲು ಮೇಲಕ್ಕೆ. ನನಗೆ ಗಸಿ.

“ನಿಮ್ಮಪ್ಪ ಇಷ್ಟ್ ಮಾತಾಡ್ತಾರೆ ಅಂತ ಗೊತ್ತಿದ್ರೆ, ಮದ್ವೇಲೇ ನಾನೂ ಒಂದು ಹೆಡ್‌ಫೋನ್ ಕೇಳ್ತಿದ್ದೆ,” ಅಂದಳು ಅವ್ವ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಸೇಡಿಗೆ ಮೇಷ್ಟ್ರನ್ನೇ ಅಣಕಿಸಲು ಹೊರಟೆ. ಆ ಮನುಷ್ಯನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ! ಸುಮ್ಮನೆ ಕೇಳುವುದನ್ನು ಅಣಕಿಸುವುದು ಹೇಗೆ? ಗೆಳೆಯರ ಮುಂದೆ ಕಣ್ಣು ಮುಚ್ಚಿ ಕೂತೆ. “ಯಾಕ್ಲಾ, ನಿದ್ದೆ ಬತ್ತಾ?” ಅಂದರು.

ಕೊನೆಗೆ ಒಂದು ಸಂಜೆ ಮೇಷ್ಟ್ರನ್ನು ಪಂದ್ಯಕ್ಕೇ ಕರೆದೆ: ಯಾವುದು ಅಪ್ಪನ ದನಿ, ಯಾವುದು ನನ್ನದು, ಹೇಳಬೇಕು. ಅಪ್ಪ ಡ್ಯೂಟಿ ಮುಗಿಸಿ ಬಂದು ಎಂದಿನ ಮಾತು ಹೇಳಿದ. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ, ಅದೇ ಮಾತನ್ನು ದಣಿದ ಅಪ್ಪನ ದನಿಯಲ್ಲಿ ನಾನು ಮೈಕಿಗೆ ಹೇಳಿದೆ. ಸ್ವಲ್ಪ ಎಳೆದೆ, ನಡುವೆ ಒಂದು ಆಕಳಿಕೆ, ಕೊನೆಗೊಂದು ನರಳಾಟ. ಮೊದಲು ಅವ್ವ ಅಪ್ಪನನ್ನು ಒಳಗೆ ಕರೆದು, ಎರಡು ರೆಕಾರ್ಡಿಂಗನ್ನೂ ಅದಲುಬದಲು ಮಾಡಿ ಕೇಳಿಸಿದೆ. ಅವ್ವ ನನ್ನದನ್ನೇ ಅಪ್ಪನದು ಅಂದಳು. ಅಪ್ಪನೂ ಕೇಳಿ, ಗಟ್ಟಿಯಾಗಿ ನನ್ನದರ ಕಡೆಗೇ ಬೆರಳು ತೋರಿಸಿದ. “ಇದೇ ಕಣ್ಲಾ ನಂದು!” ನಾನು ಕುಣಿದುಬಿಟ್ಟೆ.

ಮೇಷ್ಟ್ರು ಒಳಗೆ ಬಂದು ಹೆಡ್‌ಫೋನ್ ಹಾಕಿಕೊಂಡರು. ಎರಡನ್ನೂ ಒಂದೊಂದೇ ಸಲ ಕೇಳಿದರು. “ಇದು ನಿಂದು, ತಮ್ಮಾ.”

“ಅದೆಂಗೆ ಸಾರ್?”

“ನೀನು ಸುಸ್ತನ್ನ ಆಡಿ ತೋರಿಸಿದೀಯ. ನಿಜವಾಗಿ ಸುಸ್ತಾದೋರು ಅದನ್ನ ಮುಚ್ಕೊಳ್ಳೋಕೆ ನೋಡ್ತಾರೆ. ನಿಮ್ಮಪ್ಪ ಕೊನೇ ಮಾತಿಗೆ ಮುಂಚೆ ಒಂದು ಉಸಿರು ಎಳ್ಕೋತಾರೆ. ಆಮೇಲೆ ‘ಚೆನ್ನಾಗಿವ್ನಿ’ ಅಂತಾರೆ. ಬೆಳಗ್ಗೆ ಆ ಉಸಿರು ಇರಲ್ಲ.”

ಅಪ್ಪ ತನ್ನ ಕಾಲ್ಬೆರಳು ನೋಡಿಕೊಂಡು “ಓಗ್ಲಿ ಬುಡಿ ಸಾ” ಅಂದ. ಅವ್ವ ಒಲೆಯ ನೆಪ ಹೇಳಿ ಕೆಳಗೆ ಹೋದಳು. ನನಗೆ ಮೈಯೆಲ್ಲ ಉರಿಯಿತು. ನನ್ನಪ್ಪ ಬೈಯುವ ಬೆಳಗು ನನಗೆ ಗೊತ್ತಿತ್ತು, ಅದನ್ನೇ ಊರಿಗೆಲ್ಲ ಮಾರಿಕೊಂಡು ತಿಂದಿದ್ದೆ. ಅವನ ಸಂಜೆ ಗೊತ್ತಿದ್ದದ್ದು ಮಹಡಿಯ ಬಾಡಿಗೆಯವರಿಗೆ.

ಸಂಶೋಧನೆ ಮುಗಿಯಿತು. ಉತ್ತರದ ಯಾವುದೋ ವಿಮಾನ ನಿಲ್ದಾಣದ ಸುರಕ್ಷತಾ ವಿಭಾಗದಲ್ಲಿ ಮೇಷ್ಟ್ರಿಗೆ ಕೆಲಸವಾಯಿತು. ಹೊರಡುವ ದಿನ ಹೆಡ್‌ಫೋನನ್ನು ನನ್ನ ಕೈಗಿಟ್ಟು “ಇಟ್ಕೋ, ನಿಂಗೆ ಬೇಕಾಗುತ್ತೆ” ಅಂದರು. “ನನ್ ಅಣಕಕ್ಕೆ ವೈರ್ ಬೇಡ ಸಾರ್” ಅಂದು ಅದನ್ನು ಅಟ್ಟಕ್ಕೆ ಎಸೆದೆ. ಅವರ ಟ್ರಂಕನ್ನು ಬಸ್ ಸ್ಟ್ಯಾಂಡಿನವರೆಗೆ ಅಪ್ಪ ಹೆಗಲ ಮೇಲೆ ಹೊತ್ತ... ನನ್ನನ್ನು ಎಂದಾದರೂ ಹಾಗೆ ಹೊತ್ತಿದ್ದನೋ ಇಲ್ಲವೋ, ನೆನಪಿಲ್ಲ. ಆಮೇಲೂ ವಾರವಾರ ಅವರ ಫೋನು. ಅಪ್ಪ ಫೋನ್ ಹಿಡಿದು ಹಿತ್ತಲಿಗೆ ಹೋಗಿಬಿಡುತ್ತಿದ್ದ.

ಕಳೆದ ಚಳಿಗಾಲ. ನರಸೀಪುರದ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನ ಅಣಕು ಕಾರ್ಯಕ್ರಮವಿತ್ತು. ಅಪ್ಪ ಅಷ್ಟರಲ್ಲಿ ನಿವೃತ್ತನಾಗಿದ್ದ, ಡ್ಯೂಟಿಯ ನೆಪವಿಲ್ಲ. ಬರುತ್ತೇನೆ ಅಂತ ಮಾತು ಕೊಟ್ಟಿದ್ದ. ಮುಂದಿನ ಸಾಲಲ್ಲಿ ಕುರ್ಚಿ ಹಿಡಿದು, ಎಲ್ಲಿದ್ದೀಯ ಅಂತ ಫೋನ್ ಮಾಡಿದೆ.

“ಇವತ್ತು ಆಗಾಕಿಲ್ಲ ಕಣ್ಲಾ. ನೀ ಮಾಡು. ನಾನು...” ಒಂದು ಉಸಿರು. “ಚೆನ್ನಾಗಿವ್ನಿ.”

ಆ ಉಸಿರು ನನಗೆ ಕೇಳಿಸಿತು. “ಅಪ್ಪ, ಏನಾಯ್ತು?”

“ಮೇಷ್ಟ್ರು ಓಗ್ಬುಟ್ರಂತೆ ಕಣ್ಲಾ. ಆರ್ಟ್ ಅಟ್ಯಾಕು. ಅವರ ತಮ್ಮ ಬೆಳಗ್ಗೆ ಫೋನ್ ಮಾಡಿದ್ರು. ನಿನ್ ಪೋಗ್ರಾಮ್ ಕೆಡ್ತದಲ್ಲಾ ಅಂತ ಯೋಳ್ನಿಲ್ಲ.”

ನಾನು ಒಳ್ಳೆಯವನೆಂದು ತೋರಿಸಿಕೊಳ್ಳುವುದಿಲ್ಲ. ಮೊದಲು ಬಂದದ್ದು ಅಳುವಲ್ಲ, ಅದೇ ಹಳೆಯ ಉರಿ. ಆ ಉಸಿರು ಕೂಡ ಅವರಿಗೇ ಹೋಯಿತಲ್ಲ ಅಂತ. ಅಳು ಆಮೇಲೆ ಬಂತು, ಪರದೆಯ ಹಿಂದೆ. ಅಂದು ಎಲ್ಲರನ್ನೂ ಅಣಕಿಸಿದೆ, ಅಪ್ಪನೊಬ್ಬನನ್ನು ಬಿಟ್ಟು. ಕುರ್ಚಿ ಖಾಲಿಯಾಗಿಯೇ ಇತ್ತು.

ಭಾನುವಾರ ನಾನು ಹೆಡ್‌ಫೋನ್ ಹಿಡಿದು ನಿಂತಿದ್ದಾಗ ಅಪ್ಪ ಮೆಟ್ಟಿಲು ಹತ್ತಿ ಬಂದ. “ಸುಣ್ಣದೋರು ಬಂದವ್ರೆ. ಏನ್ಲಾ ಅದು?” ಅಂದ. ಕೊಟ್ಟೆ. ತಿರುಗಿಸಿ ನೋಡಿದ, ತಲೆಗೆ ಏರಿಸಿಕೊಂಡ. ಸ್ಪಂಜಿನ ಕರಿಪುಡಿ ಅವನ ಬಿಳಿ ಕೂದಲ ಮೇಲೆ ಉದುರಿತು. ಮೇಲಿನ ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿದ. ವೈರಿನ ತುದಿ ಯಾವುದಕ್ಕೂ ಸಿಕ್ಕಿಸಿರಲಿಲ್ಲ, ಗಾಳಿಯಲ್ಲಿ ತೂಗಾಡುತ್ತಿತ್ತು.

ನಾನು ಒಂದು ಮೆಟ್ಟಿಲು ಕೆಳಗೆ ಕೂತೆ. ಅಪ್ಪ ಏನನ್ನೋ ಕೇಳುತ್ತಿದ್ದ... ನನಗೆ ಅವನ ಉಸಿರು ಮಾತ್ರ ಕೇಳುತ್ತಿತ್ತು.