ಬೋರಲು ಹಾಕಿದ ಹರಿಗೋಲು

ಇದರಲ್ಲಿ ಪೆದ್ದ ನಾನೇ, ಮೊದಲೇ ಹೇಳಿಬಿಡುತ್ತೇನೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಹುಟ್ಟಿ, ತುಂಗಭದ್ರೆಯನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡ ಗುಮಾಸ್ತನಿಗೆ ದೋಣಿ ಆರಿಸುವ ಕೆಲಸ ಕೊಟ್ಟರೆ ಇನ್ನೇನಾಗುತ್ತದೆ?

ಅದೇ ಹೊಳೆಯ ದಡದ ಕೆಂಚನಗುಡ್ಡದಲ್ಲಿ ಗಾದೆಪ್ಪ ಅಂಬಿಗ. ನಲವತ್ತು ವರ್ಷದಿಂದ ಹರಿಗೋಲು ನಡೆಸುತ್ತಾನೆ. ಬಿದಿರು ಸೀಳಿ ಅದನ್ನು ಹೆಣೆಯುವವನೂ ಅವನೇ. ಊರಿನ ಗಂಗಕ್ಕ ಮತ್ತು ಅವಳ ಜೊತೆಯ ಕೂಲಿ ಹೆಂಗಸರು ಭತ್ತದ ನಾಟಿಗೆ ಆಚೆ ದಡಕ್ಕೆ ಹೋಗುವುದು ಅದರಲ್ಲೇ. ಹರಿಗೋಲು ಅಪಾಯ ಎಂದು ಸಿರುಗುಪ್ಪದ ನಮ್ಮ ತಾಲೂಕು ಕಚೇರಿ ಫೈಬರ್ ದೋಣಿ ಕೊಡಿಸಲು ಹೊರಟಿತು. ದೋಣಿ ಬಂದ ದಿನದಿಂದ ಹರಿಗೋಲು ಬಂದ್ ಎಂಬ ಆದೇಶವನ್ನೂ ನಾನೇ ಬರೆದೆ.

ದೋಣಿ ನೋಡಲು ಗಾದೆಪ್ಪನನ್ನೂ ಕರೆದೊಯ್ದಿದ್ದೆ. ನಾನು ಬಣ್ಣ, ಸೀಟು, ನೆರಳಿನ ಚಾವಣಿ ನೋಡುತ್ತಿದ್ದರೆ ಅವನು ನೆಲಕ್ಕೆ ಬಗ್ಗಿ ಅದರ ತಳಕ್ಕೆ ಕೈಯಾಡಿಸುತ್ತಿದ್ದ.

"ಬೋರಲ ಹಾಕಿ ತಳಾ ನೋಡ್ರಿ ಸಾಹೇಬ್ರ. ಚೂಪೈತಿ. ಚಪ್ಪಟ ತಳದ್ದು ಕೇಳ್ರಿ."

ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿದ್ದ ಪಂಡಿತ ನಾನು. "ಚೂಪಿದ್ರೆ ಅಲೆ ಸೀಳಿಕೊಂಡು ಹೋಗ್ತದಪ್ಪ" ಎಂದೆ.

"ನಮ್ಮ ಹೊಳ್ಯಾಗ ಅಲಿ ಎಲ್ಲೈತ್ರಿ? ಇಲ್ಲಿ ಆಳು ಮುಳುಗೋ ಮಡು, ಅಲ್ಲೇ ಬಾಜೂಕ ಮೊಣಕಾಲ ನೀರು, ಕಲ್ಲು."

ನಾನು ಕೇಳಲಿಲ್ಲ. ಮೇಲೆ ಥಳಕು, ಒಳಗೆ ಹುಳುಕು ಎಂಬುದು ದೋಣಿಗಿಂತ ನನಗೇ ಸರಿಯಾಗಿ ಒಪ್ಪುತ್ತದೆ.

ಫೆಬ್ರವರಿಯಲ್ಲಿ ದೋಣಿ ಬಂತು. ತೆಂಗಿನಕಾಯಿ ಒಡೆದು, ಗಂಗಕ್ಕನವರನ್ನು ಕೂಡಿಸಿಕೊಂಡು, ಹೊಸ ಚಾಲಕನೊಂದಿಗೆ ನಾನೇ ಹೊರಟೆ. ನಡುಹೊಳೆಯಲ್ಲಿ ತಳ ಕಲ್ಲಿನ ಸಂದಿಗೆ ಸಿಕ್ಕಿಕೊಂಡು ದೋಣಿ ಒಂದು ಪಕ್ಕಕ್ಕೆ ವಾಲಿತು. ಎಷ್ಟು ನೂಕಿದರೂ ಅಲುಗಲಿಲ್ಲ. ಸುತ್ತ ಮಡು, ನನಗೆ ಈಜು ಬಾರದು. ಎರಡು ಗಂಟೆ ಹಾಗೇ ಕೂತೆವು. ಹೆಂಗಸರ ಆ ದಿನದ ಕೂಲಿ ಹೋಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕೊನೆಗೆ ಗಾದೆಪ್ಪನೇ ಹರಿಗೋಲು ತಂದ. ಚಪ್ಪಟೆ ತಳ ಕಲ್ಲುಗಳ ಮೇಲೆ ಸಲೀಸಾಗಿ ಜಾರಿತು. ಎರಡು ಸಲಕ್ಕೆ ಎಲ್ಲರನ್ನೂ ದಡ ಸೇರಿಸಿ, ಅದನ್ನು ಎಳೆದು, ಇನ್ನು ನೀರಿಗೆ ಇಳಿಸುವುದಿಲ್ಲ ಎಂಬಂತೆ ಮರಳಿನ ಮೇಲೆ ಬೋರಲು ಹಾಕಿದ.

"ಹಾಗಾದ್ರೆ ನಾಳೆ ಇವರು ಹ್ಯಾಗೆ ಹೋಗ್ಬೇಕು, ಗಾದೆಪ್ಪ?"

"ಬಂದ್ ಅಂತ ನಿಮ್ಮ ಆರ್ಡರ್ ಐತಲ್ರಿ. ಈಗ ನಿಮ್ಮನ್ನ ತಂದದ್ದೂ ತಪ್ಪ ಆತು."

ಸೀರೆಯ ಸೆರಗು ಹಿಂಡುತ್ತಿದ್ದ ಗಂಗಕ್ಕ ನನ್ನತ್ತ ನೋಡಿದಳು. "ಬರೆದವರಿಗೆ ಅಳಸಾಕೂ ಬರತೈತಲ್ರಿ?"

ಅಳಿಸಲು ಮೇಲಧಿಕಾರಿಯ ಸಹಿ ಬೇಕು. ಸಹಿಗೆ ಕಾರಣ ಬೇಕು. ಸಿರುಗುಪ್ಪದ ಬಸ್ಸಿನಲ್ಲಿ ಕೂತು ಬರೆದೆ: ಅಂಬಿಗ ಹೇಳಿದರೂ ಕೇಳದೆ, ತಳ ನೋಡದೆ ದೋಣಿ ಆರಿಸಿದವನು ನಾನು.