ಹಿರಿಯ ಡಿಸ್ಕಿಗೆ ಮೊದಲ ಜಾಗ

೧೯೮೮ರಲ್ಲಿ ನಾನು ಹೊಸಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವೀಸ್ ಇಂಜಿನಿಯರ್. ಇಂಜಿನಿಯರ್ ಅನ್ನುವುದು ದೊಡ್ಡ ಮಾತಾಯಿತು. ನಾಲ್ಕು ಸ್ಕ್ರೂಡ್ರೈವರ್, ಒಂದು ಡಬ್ಬಿ ಫ್ಲಾಪಿ, ಬಸ್ಸುಗಳ ವೇಳೆ ಬಾಯಿಪಾಠ, ಇಷ್ಟೇ ನನ್ನ ಬಂಡವಾಳ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಎಲ್ಲಿ ಕಂಪ್ಯೂಟರ್ ಮುನಿಸಿಕೊಂಡರೂ ನಾನೇ ಹೋಗಿ ರಮಿಸಬೇಕಿತ್ತು.

ಆ ವರ್ಷದ ಆಯುಧ ಪೂಜೆಯ ಬೆಳಿಗ್ಗೆ ಗಂಗಾವತಿಯಿಂದ ಶಿವಲೀಲಾ ಅಕ್ಕಾರ ಫೋನು ಬಂತು. ವರ್ಷಗಟ್ಟಲೆ ಟೈಪಿಂಗ್ ಕ್ಲಾಸ್ ನಡೆಸಿದ್ದ ಅವರು, ಆಗಷ್ಟೇ ಒಂದು ಕಂಪ್ಯೂಟರ್ ಕೊಂಡು ಹುಡುಗಿಯರಿಗೆ ಕಲಿಸಲು ಶುರು ಮಾಡಿದ್ದರು. "ಯಂತ್ರ ಏಳವಲ್ದು, ಲಗೂನ ಬರ್ರಿ" ಎಂದರು. ಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ಆ ವಾಸನೆ ಬಿಟ್ಟು, ಬೈದುಕೊಳ್ಳುತ್ತಲೇ ಬಸ್ಸು ಹತ್ತಿದೆ.

ಅಕ್ಕಾರು ಬಾಗಿಲಲ್ಲೇ ನಿಂತಿದ್ದರು. "ನಾಕಕ್ಕ ಹುಡುಗ್ಯಾರ ತಂದಿ-ತಾಯಿ ಬರ್ತಾರ್ರಿ. ಆ ಡಬ್ಬ್ಯಾಗ ಏನ ಕಲಸ್ತೀರಿ ತೋರಸ್ರಿ ಅಂದಾರ. ತೋರಸ್ಲಿಲ್ಲಂದ್ರ ಹುಡುಗ್ಯಾರ್ನ ಬಿಡಸ್ತಾರ. ಆಮ್ಯಾಲೆ ನಾ ಕ್ಲಾಸ್ ಮುಚ್ಚೂದ ಸೈ!"

ಆ ಯಂತ್ರದಲ್ಲಿ ಎರಡು ಹಾರ್ಡ್ ಡಿಸ್ಕ್ ಇದ್ದವು. ಹಳೆಯದರಲ್ಲಿ ಡಾಸ್, ಅಂದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ. ಹುಡುಗಿಯರು ಬರೆದ ಪ್ರೋಗ್ರಾಂಗಳೂ ಅದರಲ್ಲೇ. ಇನ್ನೊಂದು, ಮುಂದಿನ ಬ್ಯಾಚಿಗೆಂದು ನಾನೇ ಕೂರಿಸಿ ಹೋಗಿದ್ದ ಖಾಲಿ ಡಿಸ್ಕ್. ಸ್ವಿಚ್ ಒತ್ತಿದೊಡನೆ ಯಂತ್ರ ಮೊದಲನೆಯ ಡಿಸ್ಕಿನಲ್ಲಿ ಡಾಸ್ ಹುಡುಕುತ್ತದೆ. ಈಗ ಪರದೆಯ ಮೇಲೆ, ಡಿಸ್ಕಿನಲ್ಲಿ ಅದು ಇಲ್ಲವೇ ಇಲ್ಲ ಎಂಬ ಸಂದೇಶ.

ಅಂಗಡಿಗೆ ಫೋನು ಹಚ್ಚಿದೆ. ಮಾಲಕರದು ಒಂದೇ ಮಾತು: "ಡಿಸ್ಕ್ ಕೆಟ್ಟೈತಿ. ಫಾರ್ಮ್ಯಾಟ್ ಹೊಡದು, ಹೊಸದಾಗಿ ಡಾಸ್ ಹಾಕಿ ಬಾ." ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿ ಇದ್ದದ್ದೆಲ್ಲ ಸ್ವಚ್ಛ ಒರೆಸಿಹಾಕುವುದು.

ಪಕ್ಕದಲ್ಲಿದ್ದ ವಿದ್ಯಾರ್ಥಿನಿ ರೇಷ್ಮಾಳ ಮುಖ ಬಿಳಿಚಿತು. ಬಸ್‌ಸ್ಟ್ಯಾಂಡ್ ಹತ್ತಿರದ ಟೇಲರ್ ಮಗಳು. "ನಂದೂ ಹೋಗ್ತೈತೇನ್ರಿ ಸರ್? ಇವತ್ತ ತೋರಸ್ಲಿಲ್ಲಂದ್ರ ನಮ್ಮ ಅಬ್ಬಾ ಹೊಲಿಗಿ ಮಶೀನಿಗೇ ಕುಂದ್ರಸ್ತಾರ" ಎಂದಳು. ನನ್ನ ಹೋಳಿಗೆಯ ಸಿಟ್ಟು ಅಲ್ಲಿಗೇ ಇಳಿಯಿತು. ತಡಿಯವ್ವಾ, ಇಷ್ಟು ಲಗೂ ಒರೆಸೂದಿಲ್ಲ ಎಂದೆ.

ಚೀಲದಿಂದ ಡಾಸ್ ಫ್ಲಾಪಿ ತೆಗೆದು, ಅದರಿಂದಲೇ ಯಂತ್ರ ಎಬ್ಬಿಸಿದೆ. ಮೊದಲನೆಯ ಡಿಸ್ಕ್, ಅಂದರೆ 'ಸಿ', ನೋಡಿದರೆ ಪೂರಾ ಖಾಲಿ. ಇದೇನಪ್ಪಾ! ಕೆಟ್ಟ ಡಿಸ್ಕ್ ಇಷ್ಟು ಅಚ್ಚುಕಟ್ಟಾಗಿ ಖಾಲಿ ಕಾಣುವುದಿಲ್ಲ. ಎರಡನೆಯದನ್ನು, 'ಡಿ'ಯನ್ನು, ತೆರೆದೆ. ಫೈಲುಗಳ ಹೆಸರು ಸರಸರ ಇಳಿದವು, ನಡುವೆ ರೇಷ್ಮಾಳದೂ ಇತ್ತು.

"ಅದಾವ! ಎಲ್ಲಾ ಅದಾವ!" ಎಂದು ಕೂಗಿಯೇಬಿಟ್ಟೆ. ಡಿಸ್ಕ್ ಗಟ್ಟಿಮುಟ್ಟಾಗಿತ್ತು. ಹಳೆಯದು ಎರಡನೆಯದಾಗಿ, ಹೊಸದು ಮೊದಲನೆಯದಾಗಿ ಕುಳಿತಿತ್ತು, ಅಷ್ಟೇ.

ಆದರೆ ಡಿಸ್ಕುಗಳಿಗೇನು ಕಾಲಿವೆಯೇ? "ಇದನ್ನ ಯಾರ ಬಿಚ್ಚಿದ್ರಿ?" ಎಂದು ಕೇಳಿದೆ.

ಅಕ್ಕಾರು ಸೆರಗಿನ ತುದಿ ಹಿಡಿದುಕೊಂಡು ನಕ್ಕರು. ಪ್ರತಿ ವರ್ಷ ಆಯುಧ ಪೂಜೆಗೆ ಟೈಪ್‌ರೈಟರುಗಳನ್ನು ಬಿಚ್ಚಿ, ಒರೆಸಿ, ಕುಂಕುಮ ಹಚ್ಚುವುದು ಅವರ ರೂಢಿ. ಈ ಸಲ ಕಂಪ್ಯೂಟರನ್ನೂ ಬಿಟ್ಟಿರಲಿಲ್ಲ. ಪುಣ್ಯಕ್ಕೆ ಎಣ್ಣೆ ಬಿಟ್ಟಿರಲಿಲ್ಲ! ಡಿಸ್ಕುಗಳನ್ನು ಮಣೆಯ ಮೇಲಿಟ್ಟು ಪೂಜೆ ಮಾಡಿ ಮತ್ತೆ ಜೋಡಿಸುವಾಗ ಅವರ ಅತ್ತೆ ಬಸಮ್ಮ ಕೇಳಿದರಂತೆ: "ಇವೆರಡ್ರಾಗ ಹಿರೇದು ಯಾವ್ದು? ಅದಕ್ಕ ಮೊದಲ ಜಾಗಾ ಕೊಡು."

ಅತ್ತೆಯ ಮಾತು ಮೀರುವುದುಂಟೇ? ಒಳಗಿನ ಕಾರ್ಡಿನಿಂದ ಬರುವ ಪಟ್ಟಿಯಂಥ ಕೇಬಲ್ಲಿಗೆ ಎರಡು ಕನೆಕ್ಟರ್. ಕಾರ್ಡಿಗೆ ಹತ್ತಿರದ್ದೇ ಮೊದಲ ಜಾಗವೆಂದು ಅದನ್ನು ಹಿರಿಯ ಡಿಸ್ಕಿಗೆ, ತುದಿಯದನ್ನು ಕಿರಿಯದಕ್ಕೆ ಹಾಕಿ, ಉಳಿದ ವೈರುಗಳನ್ನೂ ಹಾಗೇ ಅದಲುಬದಲು ಮಾಡಿದ್ದರು. ಆದರೆ ಆ ಕೇಬಲ್ಲಿನ ತುದಿಗೆ ಸ್ವಲ್ಪ ಮುಂಚೆ ಕೆಲವು ಎಳೆಗಳನ್ನು ತಿರುವಿರುತ್ತಾರೆ. ತಿರುವು ದಾಟಿ ತುದಿಯಲ್ಲಿ ಕುಳಿತ ಡಿಸ್ಕೇ ಯಂತ್ರದ ಲೆಕ್ಕದಲ್ಲಿ ಮೊದಲನೆಯದು.

ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಸಮ್ಮನವರೇ ಹೋಳಿಗೆ ತಾಟು ಹಿಡಿದು ಬಂದರು. "ಅವ್ವಾರ, ಈ ಮನ್ಯಾಗ ಹಿರೇರು ಕಡೀಗೆ ಕುಂದರ್ತಾರ್ರಿ" ಎಂದು ಯಂತ್ರದ ಒಳಗೆ ಬೆರಳು ತೋರಿಸಿದೆ.

"ಹಂಗಾರ ನನ್ನಂಗ ಬಿಡೋ ತಮ್ಮಾ. ಎಲ್ಲಾರ್ದೂ ಊಟಾದ ಮ್ಯಾಲೇ ನಾನೂ ಕುಂದ್ರೂದು" ಎಂದು ನನ್ನ ತಾಟಿಗೆ ತುಪ್ಪ ಸುರಿದರು.

ಕನೆಕ್ಟರುಗಳನ್ನು ಮೊದಲಿನಂತೆ ಹಾಕಿ ಸ್ವಿಚ್ ಒತ್ತಿದೆ. ಯಂತ್ರ ಗುಂಯ್‌ಗುಟ್ಟಿ ಎದ್ದಿತು. ಅಕ್ಕಾರು ಎಲ್ಲರೆದುರೇ ಚಪ್ಪಾಳೆ ತಟ್ಟಿದರು.

ನಾಲ್ಕಕ್ಕೆ ಕೋಣೆ ತುಂಬಿತು. ರೇಷ್ಮಾಳ ಸರದಿ ಬಂದಾಗ ಪ್ರಿಂಟರ್ ಕಿರ್ರೆಂದು ಓಡಿ, ಉದ್ದನೆಯ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳಪ್ಪನ ಅಂಗಡಿಯ ಹೆಸರನ್ನು ಮೂಡಿಸಿತು. ಅವಳಪ್ಪ ಎದ್ದು ಬಂದರು. ಕೊರಳಲ್ಲಿದ್ದ ಟೇಪು ತೆಗೆದು ಹಾಳೆಯನ್ನು ಈ ತುದಿಯಿಂದ ಆ ತುದಿಗೆ ಅಳೆದರು.

"ಅಂಗಡಿ ಬಾಗಲ ಅಳತಿಗೆ ಸರಿ ಐತಿ" ಎಂದರು. ಆಮೇಲೆ ಅಕ್ಕಾರ ಕಡೆ ತಿರುಗಿ, "ಹಬ್ಬ ಮುಗದ್ಕೂಡ್ಲೆ ಕಳಸ್ತೀನ್ರಿ ಈಕಿನ್ನ. ಇನ್ನೊಂದ ಹಾಳಿ ತಗಸ್ರಿ, ಮನಿಗೂ ಬೇಕ!"

ನಿವೃತ್ತಿಯವರೆಗೂ ಯಾವುದೇ ಯಂತ್ರ ಬಿಚ್ಚುವ ಮುಂಚೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ಏನು ಕೆಟ್ಟಿತು ಎಂಬುದಲ್ಲ. ನೀವು ಏನಂದುಕೊಂಡು ಇದನ್ನು ಮುಟ್ಟಿದಿರಿ ಎಂಬುದು. ಹಾಗೆ ಕೇಳಿದ ಕಡೆಯೆಲ್ಲ ಉತ್ತರ ಬೇಗ ಸಿಕ್ಕಿತು, ಬಹಳ ಕಡೆ ಊಟವೂ ಸಿಕ್ಕಿತು.