ಗಾಲಿಕುರ್ಚಿಯ ಮೆಲ್ಲಗಣ್ಣ

ನಮ್ಮ ದೊಡ್ಡಪ್ಪನ ಬಗ್ಗೆ ಎರಡು ಕಥೆ ಓಡಾಡುತ್ತಿವೆ. ಒಂದರಲ್ಲಿ ಅವರು ಹೆಣಕ್ಕೆ ಟೋಪಿ ಹಾಕಿ ಹಡಗು ಹತ್ತಿಸಿದ ಖದೀಮ. ಇನ್ನೊಂದರಲ್ಲಿ ಅರಳುಮರಳು ಹಿಡಿದು ಕೆಲಸ ಕಳೆದುಕೊಂಡ ಮುದುಕ. ಮೊದಲನೆಯದನ್ನು ನಿನ್ನೆ ನಮ್ಮ ಮನೆಯವರ ಗುಂಪಿನಲ್ಲೇ ಯಾರೋ ನಗುವ ಮುಖ ಅಂಟಿಸಿ ಹಾಕಿದ್ದೀರಿ. ಟೈಪ್ ಮಾಡುತ್ತ ಕೂತರೆ ನನ್ನ ಸಿಟ್ಟು ಆರಿಹೋಗುತ್ತದೆ, ಅದಕ್ಕೇ ಮಾತಿನಲ್ಲೇ ಹೇಳುತ್ತಿದ್ದೇನೆ, ಪೂರ್ತಿ ಕೇಳಿ. ಬಂದರಿನ ಗೇಟಿನ ಎದುರು ಟೋಪಿ, ತಂಪು ಕನ್ನಡಕ ಮಾರುವವಳು ನಾನು. ಆ ದಿನದ ಶುರುವನ್ನೂ ಕೊನೆಯನ್ನೂ ಕಣ್ಣಾರೆ ಕಂಡಿದ್ದೇನೆ. ನಡುವಿನದನ್ನು ದೊಡ್ಡಪ್ಪ ನನಗೆ ಒಂದೇ ಒಂದು ಸಲ ಹೇಳಿದರು. ಆಮೇಲೆ ಬಾಯಿ ಬಿಡಲಿಲ್ಲ.

ನಮ್ಮದು ಸದ್ದಿಲ್ಲದ ಬಂದರು ಅನ್ನುವುದು ನಿಮಗೆ ಗೊತ್ತೇ ಇದೆ. ಪ್ರವಾಸಿ ಹಡಗು ತಿಂಗಳಿಗೆ ಎರಡು ಬಂದರೆ ಹೆಚ್ಚು. ಬೆಳಿಗ್ಗೆ ಎಂಟಕ್ಕೆ ಬಂದು ನಿಂತರೆ ಸಂಜೆ ನಾಲ್ಕಕ್ಕೆ ಹೊರಡುತ್ತದೆ. ಇಳಿದವರಿಗೆ ನೋಡಲು ಇಲ್ಲಿ ಏನಿದೆ? ಒಂದೇ ಕೋಣೆಯ ವಸ್ತುಸಂಗ್ರಹಾಲಯ, ಅದರಲ್ಲಿ ಒಂದು ತುಕ್ಕು ಹಿಡಿದ ಲಂಗರು, ಲಂಗರನ್ನು ಕಾಯುವ ಒಬ್ಬ ತೂಕಡಿಸುವ ಗುಮಾಸ್ತ. ಬಲೆ ರಿಪೇರಿಯ ಶೆಡ್ಡುಗಳು. ಮತ್ತೆ ಗುಡ್ಡದ ಮೇಲಿನ ದೀಪಸ್ತಂಭ. ಅಲ್ಲಿಗೆ ಹೋಗುವ ಕಲ್ಲುಹಾಸಿನ ರಸ್ತೆ ಕಡಿದಾದದ್ದು. ಮೊಣಕಾಲು ನೋವಿನವರು ಕೆಳಗೇ ನಿಂತು ಕತ್ತೆತ್ತಿ ನೋಡಿ ನಿಟ್ಟುಸಿರು ಬಿಡುತ್ತಾರೆ. ಅಂಥವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ತಳ್ಳುವುದು, ಮತ್ತೆ ಕೆಳಗೆ ತಂದು ಬಿಡುವುದು ದೊಡ್ಡಪ್ಪನ ಕೆಲಸವಾಗಿತ್ತು, ಬಂದರಿನವರು ಕೊಟ್ಟ ಪರವಾನಗಿ ಬಿಲ್ಲೆಯನ್ನು ಅಂಗಿಗೆ ಸಿಕ್ಕಿಸಿಕೊಂಡು.

ಊರಿಗೆಲ್ಲ ಅವರು ಮೆಲ್ಲಗಣ್ಣ. ಇಪ್ಪತ್ತೆರಡು ವರ್ಷ ದೊಡ್ಡಾಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಿದವರು. ಎದುರು ಬಂದವರಿಗೆಲ್ಲ "ಮೆಲ್ಲಗೆ, ಮೆಲ್ಲಗೆ" ಅನ್ನುತ್ತಿದ್ದರಿಂದ ಬಂದ ಹೆಸರು ಅದು. ವಾರ್ಡಿನಿಂದ ಆಪರೇಷನ್ ಕೋಣೆಗೆ, ಅಲ್ಲಿಂದ ವಾಪಸ್ ವಾರ್ಡಿಗೆ, ಕೆಲವರನ್ನು ಹಿತ್ತಲ ಬಾಗಿಲಿನಿಂದ ಶವಾಗಾರಕ್ಕೆ. ಆ ಕೆಲಸದಲ್ಲಿ ಅವರಿಗೊಂದು ಜಂಭ ಬೆಳೆದಿತ್ತು. "ಉಸಿರಿರೋ ಮೈ ತಿರುವಿನಲ್ಲಿ ತಾನೇ ವಾಲ್ಕೊಳ್ಳತ್ತೆ. ಉಸಿರು ಹೋದ ಮೈ ವಾಲಲ್ಲ, ಜಾರತ್ತೆ. ಡಾಕ್ಟರಿಗಿಂತ ಮುಂಚೆ ಹಿಡಿಕೆ ಹಿಡಿದವನಿಗೆ ಗೊತ್ತಾಗತ್ತೆ" ಅನ್ನುತ್ತಿದ್ದರು. ಎರಡು ಸಲ ಹಾಗೇ ಆಗಿತ್ತಂತೆ. ಆಮೇಲೆ ದಾದಿಯರು "ಮೆಲ್ಲಗಣ್ಣಾ, ಕೈ ಏನಂತೆ?" ಎಂದು ಇವರನ್ನೇ ಕೇಳುತ್ತಿದ್ದರಂತೆ. ಈ ಕಥೆ ಕೇಳಿ ಕೇಳಿ ನಮ್ಮ ಕಿವಿ ತೂತಾಗಿತ್ತು. ನಾವು ನಗುತ್ತಿದ್ದೆವು, ಅವರು ನಗುತ್ತಿರಲಿಲ್ಲ.

ಆವತ್ತು ಬಂದ ಹಡಗಿನಿಂದ ಇಳಿದ ವಯಸ್ಸಾದ ಗಂಡ ಹೆಂಡತಿ ಮೊದಲು ನಿಂತದ್ದು ನನ್ನ ಅಂಗಡಿಯ ಮುಂದೆ. ಗಂಡ ಗಡಿಯಾರ ರಿಪೇರಿಯವರು. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಅಂಗಡಿಯಲ್ಲಿ ನಲವತ್ತು ವರ್ಷ ಕೂತು, ಈಗ ಅದನ್ನು ಮುಚ್ಚಿ ಸಮುದ್ರ ನೋಡಲು ಹೊರಟಿದ್ದರು. ಎದೆಯ ತೊಂದರೆ. ನಾಲ್ಕು ಹೆಜ್ಜೆ ಇಟ್ಟರೆ ಐದನೆಯದಕ್ಕೆ ಗೋಡೆ ಹುಡುಕುತ್ತಿದ್ದರು. ಹೆಂಡತಿ ಕಡ್ಡಿಯಂಥ ಹೆಂಗಸು, ಕಂಕುಳಲ್ಲಿ ಔಷಧಿಯ ಚೀಲ. ಅಗಲ ಅಂಚಿನ ಟೋಪಿಯೊಂದನ್ನು ಆರಿಸಿ ಗಂಡನ ತಲೆಗೆ ಹಾಕಿದರು.

"ಬೋಳುತಲೆ ಸುಡತ್ತೆ, ಹಾಕ್ಕೊಳ್ಳಿ."

"ನಲವತ್ತು ವರ್ಷ ನನ್ನ ತಲೆ ಸುಟ್ಟೋಳು ನೀನು. ಈಗ ಬಿಸಿಲಿನ ಮೇಲೆ ಯಾಕೆ ಹೇಳ್ತೀಯ?"

ದೊಡ್ಡಪ್ಪ ಕುರ್ಚಿಯ ಬ್ರೇಕು ಹಾಕಿ ಅವರನ್ನು ಕೂರಿಸಿದರು. "ದೀಪಸ್ತಂಭದ ತನಕ ಹೋಗೋದಾ ಯಜಮಾನ್ರೇ?"

"ಡಾಕ್ಟ್ರು ಬೇಡ ಅಂದಿದ್ರು" ಎಂದರು ಹೆಂಡತಿ.

"ಡಾಕ್ಟ್ರು ನಡೀಬೇಡ ಅಂದಿದ್ದು ಕಣೇ. ನಡೆಯೋರು ಇವರು, ಪಾಪ. ನಾನು ಬರೀ ಕೂರೋನು. ಮದುವೆ ಆದಾಗಿಂದ ಹೀಗೇ ನಡೀಬೇಕಾಗಿತ್ತು ಸಂಸಾರ."

ಮೂವರೂ ನಗುತ್ತಲೇ ಹೋದರು. ಅಷ್ಟು ನಾನು ನೋಡಿದ್ದು.

ಮೇಲೆ ದೀಪಸ್ತಂಭದ ಕಟ್ಟೆಯ ಹತ್ತಿರ ಗಂಡ ಸಮುದ್ರದ ಕಡೆ ಮುಖ ಮಾಡಿ ಒಂದು ಗಂಟೆ ಕೂತಿದ್ದರಂತೆ. ಹೆಂಡತಿ ದೊಡ್ಡಪ್ಪನನ್ನು ಸ್ವಲ್ಪ ದೂರಕ್ಕೆ ಕರೆದು, ಹಿಂದಿನ ಬಂದರಿನಲ್ಲಿ ಕಂಡದ್ದನ್ನು ಹೇಳಿದರು. ಪಕ್ಕದ ಕೋಣೆಯ ಗಂಡಸು ಅಲ್ಲಿ ದಡದಲ್ಲೇ ಸತ್ತರಂತೆ. ಸತ್ತವರನ್ನು ವಾಪಸ್ ಹತ್ತಿಸಿಕೊಳ್ಳುವ ಹಾಗಿಲ್ಲ, ಆ ಊರಿನ ಕಾಗದಪತ್ರ ಆಗಬೇಕು ಎಂದು ಹಡಗಿನವರು ಅವರ ಹೆಂಡತಿಯ ಎರಡು ಪೆಟ್ಟಿಗೆ ಕೆಳಗಿಳಿಸಿ ಹೊರಟುಬಿಟ್ಟರು.

"ಆಕೆ ಪೆಟ್ಟಿಗೆ ಮೇಲೆ ಕೂತಿದ್ಲು. ನಾವೆಲ್ಲ ಮೇಲಿಂದ ನೋಡ್ತಾ ಇದ್ವಿ. ಅವಳಿಗೆ ಆ ಊರಿನ ಹೆಸರು ಸರಿಯಾಗಿ ಹೇಳೋಕೂ ಬರ್ತಿರಲಿಲ್ಲ" ಎಂದರಂತೆ. "ಹಡಗಿನಲ್ಲೇ ಹೋದ್ರೆ ಊರು ಮುಟ್ಟಿಸ್ತಾರೆ. ದಡದಲ್ಲಿ ಹೋದ್ರೆ ಅಷ್ಟೇ."

"ಹಾಗೆಲ್ಲ ಯಾಕೆ ಯೋಚಿಸ್ತೀರಮ್ಮ" ಎಂದು ದೊಡ್ಡಪ್ಪ ಮಾತು ತೇಲಿಸಿದರು.

ಎರಡು ಗಂಟೆಗೆ ಇಳಿಯಲು ಶುರು ಮಾಡಿದರು. ಕಡಿದಾದ ಕಡೆ ದೊಡ್ಡಪ್ಪ ಕುರ್ಚಿಯನ್ನು ಹಿಂದುಮುಂದಾಗಿ ಇಳಿಸುತ್ತಿದ್ದರು. ತಾವು ಕೆಳಗೆ, ಹಿಮ್ಮುಖ ಹೆಜ್ಜೆ. ಕುರ್ಚಿಯ ಬೆನ್ನು ತಮ್ಮ ಎದೆಗೆ. ಕೂತವರ ಮುಖ ಗುಡ್ಡದ ಕಡೆಗೆ. ಹೀಗೆ ಇಳಿದರೆ ಯಾರೂ ಮುಂದಕ್ಕೆ ಮುಗ್ಗರಿಸುವುದಿಲ್ಲ. ಆದರೆ ಅವರ ಮುಖ ಕಾಣುವುದಿಲ್ಲ. ಹೆಂಡತಿ ನಾಲ್ಕು ಹೆಜ್ಜೆ ಹಿಂದೆ, ಗೋಡೆ ಹಿಡಿದುಕೊಂಡು, ಕಾಲಿನ ಕಡೆ ನೋಡುತ್ತ ಬರುತ್ತಿದ್ದರು.

ಮೂರನೆಯ ತಿರುವು, ಬಾಗಿಲು ಹಾಕಿದ ದರ್ಜಿ ಅಂಗಡಿಯ ಮುಂದೆ. ಕುರ್ಚಿ ತಿರುಗಿತು. ಒಳಗಿನ ಮೈ ವಾಲಲಿಲ್ಲ. ಜಾರಿತು.

ದೊಡ್ಡಪ್ಪ ನಿಂತರು. ಬ್ರೇಕು ಹಾಕಿ ಮುಂದೆ ಬಂದು ನೋಡಿದರು. ಕಣ್ಣು ಅರ್ಧ ಮುಚ್ಚಿತ್ತು, ಬಾಯಿ ತೆರೆದಿತ್ತು, ತುಟಿಗೆ ಬಣ್ಣವಿರಲಿಲ್ಲ. "ಯಜಮಾನ್ರೇ" ಎಂದು ಮೂರು ಸಲ ಕರೆದರು. ಕತ್ತಿನ ಪಕ್ಕ ಬೆರಳಿಟ್ಟರು. ಏನೂ ಇಲ್ಲ. ಇನ್ನೊಂದು ಪಕ್ಕ ಇಟ್ಟರು. ಅಲ್ಲೂ ಇಲ್ಲ.

ಆ ತಿರುವಿನಿಂದ ಎಡಕ್ಕೆ ಹೋದರೆ ದೊಡ್ಡಾಸ್ಪತ್ರೆ. ಸಮತಟ್ಟು ರಸ್ತೆ, ಏಳು ನಿಮಿಷ, ಅವರು ಕಣ್ಣು ಮುಚ್ಚಿಕೊಂಡು ಹೋಗಬಲ್ಲ ದಾರಿ. ಬಲಕ್ಕೆ ಇಳಿದರೆ ಬಂದರು. ದೊಡ್ಡಪ್ಪ ಕುರ್ಚಿಯನ್ನು ಎಡಕ್ಕೇ ತಿರುಗಿಸಿದರಂತೆ, ಇದನ್ನು ಮರೆಯಬೇಡಿ. ಹೆಂಡತಿ ಬಂದು ಗಂಡನ ಮುಖ ನೋಡಿದರು, ಆಮೇಲೆ ದೊಡ್ಡಪ್ಪನ ಮುಖ ನೋಡಿದರು.

"ಇದಾರಾ?"

"ಇಲ್ಲಮ್ಮ. ಹೋಗಿಬಿಟ್ರು."

"ಖಂಡಿತಾನಾ? ನಿಮಗೆ ಗೊತ್ತಾಗತ್ತಾ?"

"ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದೀನಮ್ಮ."

ಆಕೆ ಅಳಲಿಲ್ಲ. ದೊಡ್ಡಪ್ಪನ ಮಣಿಕಟ್ಟು ಹಿಡಿದರು. "ಹಾಗಾದ್ರೆ ಆಸ್ಪತ್ರೆ ಬೇಡ. ಹಡಗಿಗೆ. ನಿದ್ದೆ ಮಾಡ್ತಿದಾರೆ ಅಂತ ಹೇಳೋಣ. ಅಣ್ಣಾ, ನಿಮ್ಮ ಕಾಲು ಹಿಡ್ಕೋತೀನಿ, ನನ್ನನ್ನ ಪೆಟ್ಟಿಗೆ ಮೇಲೆ ಕೂರಿಸಬೇಡಿ."

"ಸಿಕ್ಕಿಬಿದ್ರೆ ನನ್ನ ಬಿಲ್ಲೆ ಕಿತ್ಕೋತಾರಮ್ಮ."

"ಗೊತ್ತು."

ದೊಡ್ಡಪ್ಪ ಒಮ್ಮೆ ಎಡದ ರಸ್ತೆಯ ಕಡೆ ನೋಡಿದರಂತೆ. ಆಮೇಲೆ ಜಾರಿದ ಮೈಯನ್ನು ಎತ್ತಿ ಕೂರಿಸಿ, ಸೊಂಟದ ಪಟ್ಟಿ ಬಿಗಿದು, ಟೋಪಿಯನ್ನು ಹುಬ್ಬಿನ ತನಕ ಎಳೆದು, ಕುರ್ಚಿಯನ್ನು ಬಲಕ್ಕೆ ತಿರುಗಿಸಿದರು.

ಇಪ್ಪತ್ತೈದು ನಿಮಿಷದ ದಾರಿ. ಹೆಂಡತಿ ಉದ್ದಕ್ಕೂ ಗಂಡನ ಜೊತೆ ಮಾತಾಡುತ್ತಲೇ ಬಂದರು. "ಇನ್ನೇನು ಬಂತು. ಊಟ ಹೊತ್ತು ಮೀರಿತು. ಆ ಹಳದಿ ಬಾಗಿಲು ನೋಡಿ, ನಮ್ಮ ಚಿಕ್ಕಮ್ಮನ ಮನೆಯದರ ಹಾಗೇ ಇದೆ." ಎದುರು ಬಂದ ಅಂಚೆಯವರು "ಏನ್ ಮೆಲ್ಲಗಣ್ಣಾ, ತೊಟ್ಟಿಲು ತೂಗಿ ಮಲಗಿಸಿಬಿಟ್ಟಿದೀಯಲ್ಲ!" ಎಂದರು. "ಬಿಸಿಲು" ಎಂದರು ದೊಡ್ಡಪ್ಪ.

ಗೇಟಿಗೆ ಬಂದಾಗ ನಾನು ಮತ್ತೆ ನೋಡಿದೆ. ದೊಡ್ಡಪ್ಪನ ಅಂಗಿ ಬೆವರಿಗೆ ಮೈಗಂಟಿತ್ತು, ಮುಖ ಸುಣ್ಣ ಬಳಿದ ಗೋಡೆ. ಇವರಿಗೇ ಹುಷಾರಿಲ್ಲವೇನೋ ಅಂದುಕೊಂಡೆ. "ದೊಡ್ಡಪ್ಪಾ, ಟೀ ತರಿಸ್ಲಾ?" ಎಂದು ಕೂಗಿದೆ.

ಗೇಟಿನಲ್ಲಿದ್ದದ್ದು ಮೀಸೆ. ಹೌದು, ಅದೇ ಕಾವಲಿನವನು, ಎಲ್ಲರಿಗೂ ಗೊತ್ತಲ್ಲ. ಕಾರ್ಡು ಉಜ್ಜಿದರೆ ಅವನ ಪರದೆಯ ಮೇಲೆ ಪ್ರಯಾಣಿಕರ ಫೋಟೋ ಬರುತ್ತದೆ, ಮುಖ ಹೋಲಿಸಿ ಒಳಗೆ ಬಿಡಬೇಕು.

"ಟೋಪಿ ಸ್ವಲ್ಪ ಎತ್ತಿಯಮ್ಮ."

ಆಕೆ ಎರಡು ಬೆರಳಲ್ಲಿ ಎತ್ತಿದರು. "ಈಗಷ್ಟೇ ನಿದ್ದೆ ಹತ್ತಿದೆ. ಎಬ್ಬಿಸಿದ್ರೆ ನನ್ನ ಮೇಲೆ ಹಾರಾಡ್ತಾರೆ."

ಮೀಸೆ ಪರದೆ ನೋಡಿದ, ಮುಖ ನೋಡಿದ, ಗಹಗಹಿಸಿ ನಕ್ಕ. "ಫೋಟೋದಲ್ಲೂ ಕಣ್ಣು ಮುಚ್ಕೊಂಡೇ ಇದಾರಲ್ಲಮ್ಮ! ಹೋಗಿ, ಹೋಗಿ."

ನಾನೂ ನಕ್ಕೆ. ದೇವರಾಣೆ, ನಾನೂ ನಕ್ಕೆ.

ಅಲ್ಲಿಂದ ಹಡಗಿನ ಮೆಟ್ಟಿಲಿಗೆ ಇನ್ನೂರು ಹೆಜ್ಜೆ. ಮೆಟ್ಟಿಲ ಬುಡದಲ್ಲಿ ಹಡಗಿನ ಡಾಕ್ಟರಮ್ಮ ಯಾರಿಗೋ ಕಾಲು ಉಳುಕಿದ್ದಕ್ಕೆ ಪಟ್ಟಿ ಸುತ್ತುತ್ತಿದ್ದರು. ಕುರ್ಚಿ ಹತ್ತಿರ ಬಂದದ್ದೇ ತಲೆ ಎತ್ತಿದರು. ಪಟ್ಟಿ ಬಿಟ್ಟು ಎದ್ದರು. ಟೋಪಿ ತೆಗೆದರು, ಕತ್ತಿಗೆ ಬೆರಳಿಟ್ಟರು, ಕೊರಳಲ್ಲಿದ್ದ ಕೊಳವೆಯನ್ನು ಎದೆಗೆ ಒತ್ತಿದರು. ದೊಡ್ಡಪ್ಪ ತಲೆ ತಗ್ಗಿಸಿ, ಬಿಲ್ಲೆಯ ಪಿನ್ನಿಗೆ ಕೈ ಹಾಕಿ ನಿಂತಿದ್ದರು.

"ನಾಡಿ ಇದೆ!" ಎಂದು ಕಿರುಚಿದರು ಡಾಕ್ಟರಮ್ಮ. "ಸ್ಟ್ರೆಚರ್! ಬೇಗ!"

ಹೆಂಡತಿ "ಇದಾರಾ? ಇದಾರಾ?" ಎನ್ನುತ್ತ ಗಂಡನ ಕೆನ್ನೆ ಹಿಡಿದುಕೊಂಡರು. ಆ ಹೊತ್ತಿಗೆ ಅವರಿಗೆ ಬೇರೇನೂ ಕಾಣಿಸುತ್ತಿರಲಿಲ್ಲ. ಡಾಕ್ಟರಮ್ಮ ದೊಡ್ಡಪ್ಪನ ಕಡೆ ತಿರುಗಿದರು.

"ಎಷ್ಟು ಹೊತ್ತಾಯ್ತು ಹೀಗಾಗಿ?"

"ಇಪ್ಪತ್ತೈದು ನಿಮಿಷ."

"ಎಲ್ಲಿ?"

"ದರ್ಜಿ ಅಂಗಡಿ ತಿರುವಲ್ಲಿ."

"ಅಲ್ಲಿಂದ ಆಸ್ಪತ್ರೆ ಎಷ್ಟು ದೂರ?"

"ಏಳು ನಿಮಿಷ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದರು ದೊಡ್ಡಪ್ಪ. ಒಂದು ಕ್ಷಣ ನೋಡಿ, ಸ್ಟ್ರೆಚರಿನ ಹಿಂದೆ ಓಡಿದರು. ಮೇಲೆ ಹಡಗಿನಲ್ಲೇ ಯಂತ್ರಗಳಿದ್ದವು, ಅಲ್ಲಿಗೇ ಒಯ್ದರು.

ದೊಡ್ಡಪ್ಪ ಖಾಲಿ ಕುರ್ಚಿ ತಳ್ಳಿಕೊಂಡು ನನ್ನ ಅಂಗಡಿಗೆ ಬಂದು ಕೂತರು. ಟೀ ಕೊಟ್ಟೆ. ಅವರು ಗುಡ್ಡ ಇಳಿದು ಬಂದಾಗಲೆಲ್ಲ ನಾನು ಲೋಟವನ್ನು ಕೈಗೆ ಕೊಡುತ್ತಿರಲಿಲ್ಲ, ಹಲಗೆಯ ಮೇಲಿಡುತ್ತಿದ್ದೆ. ಅಷ್ಟು ದೂರ ಕುರ್ಚಿಯ ಭಾರ ತಡೆದು ತಡೆದು ಅವರ ಬೆರಳು ಮರಗಟ್ಟಿರುತ್ತಿದ್ದವು, ಅರ್ಧ ಗಂಟೆ ಏನೂ ಹಿಡಿಯಲಾಗುತ್ತಿರಲಿಲ್ಲ. ಬಿಸಿಯೋ ತಣ್ಣಗೋ ಅದೂ ತಿಳಿಯುತ್ತಿರಲಿಲ್ಲ. ಆವತ್ತೂ ಹಲಗೆಯ ಮೇಲಿಟ್ಟೆ. ಅವರು ಲೋಟವನ್ನೇ ನೋಡುತ್ತ ಕೂತರು.

"ಆ ಬೆರಳಲ್ಲಿ ನನ್ನ ನಾಡೀನೇ ನನಗೆ ಸಿಕ್ತಿರಲಿಲ್ಲ" ಎಂದರು. "ಅದು ನನಗೆ ಹೊಳೀಲಿಲ್ಲ ನೋಡು."

ಹಡಗು ನಾಲ್ಕಕ್ಕೆ ಸರಿಯಾಗಿ ಹೊರಟಿತು. ದೊಡ್ಡಪ್ಪ ಎದ್ದು ನಿಂತು ಅದು ಮರೆಯಾಗುವ ತನಕ ನೋಡಿದರು. ಮಾರನೆಯ ದಿನ ಬೆಳಿಗ್ಗೆ ಹಡಗಿನವರ ಏಜೆಂಟ್ ಅಂಗಡಿಯ ಹತ್ತಿರವೇ ದೊಡ್ಡಪ್ಪನಿಗೆ ಸಿಕ್ಕಿದ. ಗಡಿಯಾರದವರು ಸಂಜೆ ಐದರ ಸುಮಾರಿಗೆ ಹಡಗಿನಲ್ಲೇ ತೀರಿಕೊಂಡರಂತೆ.

"ಪುಣ್ಯ, ಆಕೆ ಇಲ್ಲಿ ಇಳಿಯೋ ಹಾಗಾಗಲಿಲ್ಲ" ಎಂದ. "ನಿಮಗೆ ಥ್ಯಾಂಕ್ಸ್ ಹೇಳು ಅಂದ್ರಂತೆ. ಮಧ್ಯೆ ಒಂದ್ಸಲ ಕಣ್ಣು ಬಿಟ್ರಂತೆ ಅವರು. ಇಳಿಜಾರು ಮುಗೀತಾ ಅಂತ ಕೇಳಿದ್ರಂತೆ."

ಏಜೆಂಟ್ ಒಳ್ಳೆಯ ಸುದ್ದಿ ಹೇಳಿದೆ ಎಂದುಕೊಂಡು ಹೋದ.

ಆಸ್ಪತ್ರೆಗೆ ಹೋಗಿದ್ದರೆ ಉಳಿಯುತ್ತಿದ್ದರೋ? ನಾನೇ ಹೋಗಿ ಅಲ್ಲಿನ ಹಳೆಯ ದಾದಿಯನ್ನು ಕೇಳಿದೆ. "ಹೇಳಕ್ಕಾಗಲ್ಲ ಕಣೇ. ಉಳಿಯೋರೂ ಇದಾರೆ, ಹೋಗೋರೂ ಇದಾರೆ" ಎಂದರು. ಬಂದು ದೊಡ್ಡಪ್ಪನಿಗೆ ಎರಡನೆಯ ಮಾತನ್ನಷ್ಟೇ ಹೇಳಿದೆ. "ಮೊದಲನೇದು ಏನಂದ್ಲು?" ಎಂದು ಕೇಳಿದರು. ಅವಳನ್ನು ಅವರು ಇಪ್ಪತ್ತೆರಡು ವರ್ಷ ಬಲ್ಲರು.

ಮುಂದಿನ ಹಡಗು ಬಂದಾಗ ಒಬ್ಬ ದಪ್ಪ ಹೆಂಗಸನ್ನು ಕೂರಿಸಿಕೊಂಡು ಹೋದರು. ಆಕೆಗೆ ಕುರ್ಚಿಯಲ್ಲಿ ಜೋಂಪು ಹತ್ತಿತು. ದೊಡ್ಡಪ್ಪ ನಿಲ್ಲಿಸಿ, ಮುಂದೆ ಬಂದು "ಅಮ್ಮಾ, ಅಮ್ಮಾ" ಎಂದು ಎಬ್ಬಿಸಿದರು. ಹತ್ತು ಹೆಜ್ಜೆ ಹೋಗಿ ಮತ್ತೆ ಎಬ್ಬಿಸಿದರು. ಗುಡ್ಡ ಇಳಿಯುವುದರೊಳಗೆ ಹನ್ನೊಂದು ಸಲ. "ಹಡಗಲ್ಲಿ ಮಕ್ಕಳ ಕಾಟ, ಇಲ್ಲಿ ಇವರ ಕಾಟ, ನಾನು ಎಲ್ಲಿ ಸಾಯ್ಲಿ?" ಎಂದು ಆಕೆ ಗೇಟಿನಲ್ಲಿ ರಂಪ ಮಾಡಿದರು. ಮೂರು ಹಡಗು ಬಂದು ಹೋಗುವಷ್ಟರಲ್ಲಿ ಐದು ದೂರು. ಬಂದರಿನ ಸಾಹೇಬರು ಕರೆದು, "ಮೆಲ್ಲಗಣ್ಣಾ, ಸ್ವಲ್ಪ ದಿನ ಮನೇಲಿ ಸುಧಾರಿಸ್ಕೊಳ್ಳಿ" ಎಂದು ಶುರು ಮಾಡುವಷ್ಟರಲ್ಲೇ ಇವರು ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟಿದ್ದರು. ಯಾರೂ ಕಿತ್ತುಕೊಳ್ಳಲಿಲ್ಲ. ಟೋಪಿ ಹಾಕಿದ ಹೆಣದ ಕಥೆ ಆಮೇಲೆ ಹುಟ್ಟಿದ್ದು. ಹುಟ್ಟಿಸಿದವನು ಮೀಸೆಯೇ ಇರಬೇಕು. ಗೇಟು ದಾಟುವಾಗಲೇ ಗಡಿಯಾರದವರು ಸತ್ತಿದ್ದರು ಎಂದೇ ಅವನು ಈಗಲೂ ನಂಬಿದ್ದಾನೆ. ದೊಡ್ಡಪ್ಪ ಅವನನ್ನು ತಿದ್ದಲು ಹೋಗಿಲ್ಲ.

ಈಗ ಮನೆಯಲ್ಲೇ ಇದ್ದಾರೆ. ದೊಡ್ಡಮ್ಮ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಅಡ್ಡಾಗುವವರು, ಗೊತ್ತಲ್ಲ. ದೊಡ್ಡಪ್ಪ ಗಳಿಗೆಗೊಮ್ಮೆ ಬಂದು ಭುಜ ಅಲ್ಲಾಡಿಸುತ್ತಿದ್ದರು. "ಇದೀನಿ ಕಣ್ರೀ, ಇದೀನಿ! ಅಷ್ಟು ಸುಲಭಕ್ಕೆ ನಿಮ್ಮನ್ನ ಬಿಟ್ಟು ಹೋಗಲ್ಲ" ಎಂದು ಮೊದಮೊದಲು ದೊಡ್ಡಮ್ಮ ರೇಗುತ್ತಿದ್ದರು. ಈಗ ಮಲಗುವುದನ್ನೇ ಬಿಟ್ಟಿದ್ದಾರೆ. ಊಟವಾದ ಮೇಲೆ ಅವರ ಎದುರಿಗೇ ಕುರ್ಚಿ ಹಾಕಿಕೊಂಡು, ಕಣ್ಣು ತೆರೆದುಕೊಂಡು ಕೂತಿರುತ್ತಾರೆ.